ಹಳೇ ಹಾರ್ನ್‌ಬಿ ಡಬ್ಲೋ ಮಾರುವ ಅಂಗಡಿಗೆ ಹೋಗಿದ್ದೆ: ಡಬ್ಬಿ ನೋಡಬೇಕೋ, ಓಡಿಸಿ ನೋಡಬೇಕೋ?

ಮೂರನೇ_ಹಳಿ

ಉತ್ತರ ಇಂಗ್ಲೆಂಡಿನಲ್ಲಿ ಇರುವವರು ಯಾರಾದರೂ ಹಳೇ ಮಾಡೆಲ್ ರೈಲು ಮಾರುವ ಅಂಗಡಿಗಳಿಗೆ ಹೋಗುತ್ತೀರಾ? ಹೋಗುವ ಆಸೆ ಇದ್ದರೆ ಮುಂದೂಡಬೇಡಿ. ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಲಿವರ್‌ಪೂಲಿನಲ್ಲಿ 1946ರಲ್ಲಿ ಶುರುವಾದ ಹ್ಯಾಟನ್ಸ್ ಗೊತ್ತಲ್ವಾ, ಅದು 2024ರ ಜನವರಿಯಲ್ಲಿ ವ್ಯಾಪಾರ ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟಿತು. ಬರ್ಮಿಂಗ್‌ಹ್ಯಾಮಿನ ಎನ್‌ಇಸಿಯಲ್ಲಿ ನಡೆಯುತ್ತಿದ್ದ ವಾರ್ಲಿ ಮಾಡೆಲ್ ರೈಲು ಪ್ರದರ್ಶನವೂ 2023ರ ನವೆಂಬರಿಗೆ ಮುಗಿಯಿತು.

ನಾನು ಹೋಗಿದ್ದು ಅಷ್ಟು ಹೆಸರಿನ ಅಂಗಡಿ ಏನಲ್ಲ. ಲ್ಯಾಂಕಾಶೈರಿನ ಒಂದು ಹಳೇ ಗಿರಣಿ ಊರು. ಕ್ಷೌರದಂಗಡಿಗೂ ಮೀನು ಕರಿಯುವ ಅಂಗಡಿಗೂ ಮಧ್ಯೆ ಸಿಕ್ಕಿಕೊಂಡಿದೆ. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಷ್ಟು ಇಕ್ಕಟ್ಟು. ಎಡಗಡೆ ಗಾಜಿನ ಬೀರು, ಅದರಲ್ಲಿ ಡಬ್ಬಿ ಸಮೇತ ಇರುವ ದುಬಾರಿ ಮಾಲು. ಬಲಗಡೆ ನೆಲದಿಂದ ಸೊಂಟದ ತನಕ ಟ್ರೇಗಳು. ಚಕ್ರ ಕಳೆದುಕೊಂಡ ಗೂಡ್ಸ್ ವ್ಯಾಗನ್, ಕೊಕ್ಕೆ ಮುರಿದ ಬೋಗಿ, ಬಣ್ಣ ಸುಲಿದ ಸಿಗ್ನಲ್ ಕಂಬ ಎಲ್ಲ ರಾಶಿ. ಹಿಂದೆ ಗೋಡೆಗೆ ಸಣ್ಣ ಸಣ್ಣ ಡ್ರಾಯರ್, ಒಂದೊಂದರ ಮೇಲೂ ಕೈಬರಹದ ಚೀಟಿ: ಬ್ರಶ್, ಸ್ಪ್ರಿಂಗ್, ಬಫರ್, ಕಪ್ಲಿಂಗ್.

ನನ್ನ ಕಣ್ಣಿಗೆ ಬಿದ್ದಿದ್ದು ಹಸಿರು ಬಣ್ಣದ 'ಡಚೆಸ್ ಆಫ್ ಮಾಂಟ್ರೋಸ್', ಮೂರು ಹಳಿಯ ಡಬ್ಲೋ ಇಂಜಿನ್. ಎರಡಿದ್ದವು. ಒಂದು ಬೀರುವಿನಲ್ಲಿ, ನೀಲಿ ಡಬ್ಬಿಯೊಳಗೆ, ಒಂದು ಗೀರೂ ಇಲ್ಲ. ಇನ್ನೊಂದು ಕೌಂಟರ್ ಮೇಲೆ ಡಬ್ಬಿ ಇಲ್ಲದೆ, ಬಾಯ್ಲರಿನ ಅಂಚಿನಲ್ಲಿ ಬಣ್ಣ ಹೋಗಿ ಬಿಳಿ ಲೋಹ ಕಾಣುತ್ತಿತ್ತು. ಬೆಲೆ ನೋಡಿದರೆ ಮೊದಲನೆಯದಕ್ಕೆ ಎರಡನೆಯದರ ಮೂರು ಪಟ್ಟು.

ಅಂಗಡಿಯವರಿಗೆ ಎಪ್ಪತ್ತು ದಾಟಿರಬೇಕು. 'ಎರಡನ್ನೂ ಓಡಿಸಿ ನೋಡು, ಆಮೇಲೆ ಮಾತಾಡು' ಅಂದರು. ಕೌಂಟರ್ ಮೇಲೆ ಒಂದು ಹಲಗೆ, ಅದಕ್ಕೆ ಮೂರು ಥರದ ಹಳಿ ಹೊಡೆದಿಟ್ಟಿದ್ದಾರೆ: ಎರಡು ಹಳಿಯದು, ಮೂರು ಹಳಿಯದು, ದೊಡ್ಡ ಓ ಗೇಜಿನದು. ಚೆಂದದ ಇಂಜಿನ್ ಇಟ್ಟರು. ಗುಂಡಿ ತಿರುಗಿಸಿದರೆ ಮೊದಲು ಏನೂ ಇಲ್ಲ, ಇನ್ನೂ ತಿರುಗಿಸಿದರೆ ಗುರ್ ಅಂತ ಸದ್ದು, ಆಮೇಲೆ ಒಮ್ಮೆಲೇ ಹಾರಿದ ಹಾಗೆ ಹೊರಟು ಕೊನೆಗೆ ಬಡಿಯಿತು. ಆಂಪ್ ಮೀಟರಿನ ಮುಳ್ಳು ಒಂದನ್ನು ದಾಟಿತ್ತು. ಗೀರು ಬಿದ್ದಿದ್ದನ್ನು ಇಟ್ಟರು. ಅದು ಗುಂಡಿ ಕಾಲುಭಾಗ ತಿರುಗುವಷ್ಟರಲ್ಲಿ ಹೊರಟಿತು, ಚಕ್ರದ ಸರಳುಗಳು ಒಂದೊಂದಾಗಿ ಮೇಲೆ ಕೆಳಗೆ ಹೋಗುವುದು ಎಣಿಸುವಷ್ಟು ನಿಧಾನಕ್ಕೆ. ನಡುಹಳಿಯಲ್ಲಿ ಆಗಾಗ ನೀಲಿ ಕಿಡಿ. ಮುಳ್ಳು ಅರ್ಧ ಆಂಪಿನ ಆಸುಪಾಸು.

ತಗೊಂಡಿದ್ದು ಯಾವುದು ಅಂತ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ನನ್ನ ವಾದ ಇಷ್ಟೇ: ಹಳೇ ರೈಲನ್ನು ಫೋಟೋ ನೋಡಿ ಕೊಳ್ಳಬೇಡಿ, ಓಡಿಸಲು ಬಿಡುವ ಅಂಗಡಿಗೆ ಹೋಗಿ. ನೀವೇನು ಹೇಳುತ್ತೀರಿ?

ಬೀರೂರ್_ಜಂಕ್ಷನ್

ಗುರುಗಳೇ, ಸ್ವಲ್ಪ ಕೆಳಗಿನಿಂದ ಶುರು ಮಾಡಿ. ನಮಗೆ ಟಾಯ್ ಟ್ರೈನ್ ಅಂದರೆ ಡಾರ್ಜಿಲಿಂಗು, ಇಲ್ಲದಿದ್ದರೆ ಜಾತ್ರೆಯಲ್ಲಿ ಕೀ ಕೊಟ್ಟು ಬಿಡುತ್ತಿದ್ದ ತಗಡಿನ ರೈಲು. ಡಬ್ಲೋ ಯಾರದು? ರೈಲಿಗೆ ಮೂರನೇ ಹಳಿ ಯಾಕೆ?

ಮೂರನೇ_ಹಳಿ

ಫ್ರಾಂಕ್ ಹಾರ್ನ್‌ಬಿ ಅಂತ ಲಿವರ್‌ಪೂಲಿನವರು. ತೂತು ಕೊರೆದ ಲೋಹದ ಪಟ್ಟಿ, ನಟ್ಟು, ಬೋಲ್ಟು ಸೇರಿಸಿ ಮಕ್ಕಳು ಕ್ರೇನು ಸೇತುವೆ ಕಟ್ಟುವ ಆಟಿಕೆಗೆ 1901ರಲ್ಲಿ ಪೇಟೆಂಟ್ ತಗೊಂಡರು. ಅದೇ ಮುಂದೆ ಮೆಕ್ಯಾನೋ ಆಗಿದ್ದು. ನಮ್ಮ ಕಡೆ ಹಳೇ ಮನೆಗಳಲ್ಲೂ ಅದರ ಒಂದೊಂದು ಪೆಟ್ಟಿಗೆ ಇರುತ್ತಿತ್ತು, ಅಟ್ಟ ಹುಡುಕಿ ನೋಡಿ. ರೈಲು ಶುರು ಮಾಡಿದ್ದು 1920ರಲ್ಲಿ, ಕೀ ಕೊಟ್ಟು ಓಡಿಸುವ ಓ ಗೇಜ್, ಹಳಿಗಳ ಮಧ್ಯೆ 32 ಮಿ.ಮೀ. ಅದು ದೊಡ್ಡದು, ಹಾಸಲು ದೊಡ್ಡ ಹಜಾರವೇ ಬೇಕು. ಅದಕ್ಕೇ ಊಟದ ಮೇಜಿನ ಮೇಲೆ ಹಿಡಿಸುವ ಹಾಗೆ 16.5 ಮಿ.ಮೀ. ಹಳಿಯ ಡಬ್ಲೋ ಬಂತು, 1938ರಲ್ಲಿ. ಅಷ್ಟು ಹೊತ್ತಿಗೆ ಹಾರ್ನ್‌ಬಿ ತೀರಿಹೋಗಿ ಎರಡು ವರ್ಷ. ಮರುವರ್ಷವೇ ಯುದ್ಧ, ಆಮೇಲೆ ಆಟಿಕೆ ತಯಾರಿಕೆಯೇ ನಿಂತಿತು. ಹಾಗಾಗಿ ಯುದ್ಧಕ್ಕೆ ಮುಂಚಿನ ಡಬ್ಲೋ ಕಡಿಮೆ, ಸಿಕ್ಕಿದರೂ ಕೈ ಸುಡುತ್ತದೆ.

ಮೂರನೇ ಹಳಿಯ ಲೆಕ್ಕ ಸರಳ. ಕರೆಂಟ್ ಹೋಗಲು ಒಂದು ದಾರಿ, ವಾಪಸ್ ಬರಲು ಒಂದು ದಾರಿ ಬೇಕು. ನಡುಹಳಿಯಿಂದ ಕರೆಂಟು ಇಂಜಿನ್ನಿಗೆ ಹೋಗುತ್ತದೆ, ಹೊರಗಿನ ಎರಡೂ ಹಳಿಗಳಿಂದ ವಾಪಸ್ ಬರುತ್ತದೆ. ಚಕ್ರ ಪೂರ್ತಿ ಲೋಹದ್ದೇ ಇರಬಹುದು, ಮಧ್ಯೆ ಏನೂ ಇನ್ಸುಲೇಷನ್ ಬೇಕಿಲ್ಲ. ರೈಲನ್ನು ಒಂದು ಸುತ್ತು ತಿರುಗಿಸಿ ಅದೇ ಹಳಿಗೆ ಎದುರು ದಿಕ್ಕಿನಿಂದ ತಂದರೂ ಶಾರ್ಟ್ ಆಗುವುದಿಲ್ಲ. ಎರಡು ಹಳಿಯಲ್ಲಿ ಹಾಗೆ ಮಾಡಿ ನೋಡಿ, ಫ್ಯೂಸ್ ಹೋಗುತ್ತದೆ.

ಆದರೆ ನೋಡಲು ಚೆನ್ನಾಗಿಲ್ಲ. ನಿಜವಾದ ರೈಲಿಗೆ ಮಧ್ಯದಲ್ಲಿ ಹಳಿ ಎಲ್ಲಿರುತ್ತದೆ? ಎದುರಾಳಿ ಟ್ರೈ-ಆಂಗ್ ಪ್ಲಾಸ್ಟಿಕ್ ಬಾಡಿ, ಎರಡು ಹಳಿ, ಕಡಿಮೆ ರೇಟು ಅಂತ ಮಾರುಕಟ್ಟೆ ಹಿಡಿದಿತ್ತು. ಡಬ್ಲೋ ಎರಡು ಹಳಿಗೆ ಬಂದಿದ್ದು 1959ರಲ್ಲಿ, ಆಗಲೇ ತಡ. 1964ರಲ್ಲಿ ಟ್ರೈ-ಆಂಗಿನ ಒಡೆಯರಾದ ಲೈನ್ಸ್ ಬ್ರದರ್ಸ್ ಮೆಕ್ಯಾನೋ ಕಂಪನಿಯನ್ನೇ ಕೊಂಡರು. ಲಿವರ್‌ಪೂಲಿನ ಬಿನ್ಸ್ ರೋಡ್ ಫ್ಯಾಕ್ಟರಿ 1979ರಲ್ಲಿ ಮುಚ್ಚಿತು. ಇವತ್ತು ಹಾರ್ನ್‌ಬಿ ಹೆಸರಿನಲ್ಲಿ ಬರುವ ರೈಲುಗಳ ವಂಶ ನೋಡಿದರೆ ಟ್ರೈ-ಆಂಗಿನ ಕಡೆಗೇ ಜಾಸ್ತಿ ಹೋಗುತ್ತದೆ. ಗೆದ್ದವರು ಸೋತವರ ಹೆಸರು ಇಟ್ಟುಕೊಂಡರು ಅಷ್ಟೇ.

ಡಬ್ಬಿ_ಸಮೇತ

ಮೂರನೇ ಹಳಿಯವರೇ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಓಡಿಸುವುದಕ್ಕೆ ತಗೊಳ್ಳುವವರಿಗೆ ಸರಿ. ನನ್ನಂಥವರು ಓಡಿಸುವುದೇ ಇಲ್ಲ. ನನ್ನ ಬೀರುವಿನಲ್ಲಿ ಇರುವುದನ್ನು ನಾನು ಹೊರಗೆ ತೆಗೆಯುವುದು ಧೂಳು ಹೊಡೆಯುವುದಕ್ಕೆ ಮಾತ್ರ. ನಗಬೇಡಿ.

ಡಬ್ಬಿ ಅಂದರೆ ಸುಮ್ನೆ ರಟ್ಟು ಅಲ್ಲ. ಡಬ್ಲೋ ಡಬ್ಬಿ ನೋಡಿದರೇ ಯಾವ ಕಾಲದ್ದು ಅಂತ ಹೇಳಬಹುದು. ಮೊದಲು ಬರೀ ನೀಲಿ, ಆಮೇಲೆ ನೀಲಿಗೆ ಬಿಳಿ ಪಟ್ಟೆ, ಕೊನೆಗೆ ಕೆಂಪು. ಒಳಗಿನ ಇಂಜಿನ್ ಒಂದು ಕಾಲದ್ದು, ಡಬ್ಬಿ ಇನ್ನೊಂದು ಕಾಲದ್ದು ಆಗಿದ್ದರೆ ಯಾರೋ ಜೋಡಿ ಮಾಡಿದ್ದಾರೆ ಅಂತ ಅರ್ಥ. ಆಟ ಆಡಿದ ಮಕ್ಕಳು ಮೊದಲು ಹರಿದು ಬಿಸಾಕುತ್ತಿದ್ದುದೇ ಡಬ್ಬಿ. ಅದಕ್ಕೇ ಉಳಿದಿದ್ದಕ್ಕೆ ಬೆಲೆ.

ಒಂದು ಎಚ್ಚರಿಕೆ. ಈಗ ಹೊಸದಾಗಿ ಅಚ್ಚು ಹಾಕಿದ ಡಬ್ಬಿಗಳೂ ಸಿಗುತ್ತವೆ. ಮಾರುವವರು ನಕಲು ಅಂತ ಹೇಳಿಯೇ ಮಾರುತ್ತಾರೆ, ತಪ್ಪಿಲ್ಲ. ಎರಡನೇ ಕೈಗೆ ಹೋದಾಗ ಆ ಮಾತು ಉದುರಿಹೋಗುತ್ತದೆ. ಮೂಲೆ ಮಡಿಕೆ ನೋಡಿ. ಅರವತ್ತು ಎಪ್ಪತ್ತು ವರ್ಷದ ರಟ್ಟು ಮಡಿಕೆಯಲ್ಲಿ ಬಣ್ಣ ಹೋಗಿ ಒಳಗಿನ ಕಂದು ನಾರು ಕಾಣಿಸುತ್ತದೆ. ಒಳಗಡೆ ಇಂಜಿನ್ನಿನ ಎಣ್ಣೆ ಕಲೆ ಇರಬೇಕು. ಒಳಗೂ ಹೊರಗೂ ಒಂದೇ ಸಮ ಶುಭ್ರವಾಗಿದ್ದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ತಿಳ್ಕೊಳ್ಳಿ.

ಕಪ್ಪು_ಹೊಗೆ

ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟಿರಿ. ಓಡಿಸುವ ಮುಂಚೆ ತಿರುಗಿಸಿ ನೋಡಿ, ತಳಭಾಗ ನೋಡಿ. ನಾನು ಇಂಥವನ್ನು ರಿಪೇರಿ ಮಾಡುವವನು, ಹವ್ಯಾಸಕ್ಕೆ.

ಮೊದಲು ಸತುವಿನ ರೋಗ. ಇಂಗ್ಲೆಂಡಿನಲ್ಲಿ ಇದನ್ನು ಮಝಾಕ್ ರಾಟ್ ಅನ್ನುತ್ತಾರೆ. ಹಳೇ ಇಂಜಿನ್ನುಗಳ ಬಾಡಿ, ಚಕ್ರ ಎಲ್ಲ ಸತುವಿನ ಮಿಶ್ರಲೋಹದ ಎರಕ. ಎರಕ ಹೊಯ್ಯುವಾಗ ಅದರಲ್ಲಿ ಸೀಸದಂಥದ್ದು ಚೂರು ಬೆರೆತರೂ ಸಾಕು, ಹತ್ತಿಪ್ಪತ್ತು ವರ್ಷ ಆದಮೇಲೆ ಲೋಹ ಒಳಗಿನಿಂದಲೇ ಬಿರುಕು ಬಿಡುತ್ತದೆ, ಉಬ್ಬುತ್ತದೆ, ಸೊಟ್ಟ ಆಗುತ್ತದೆ, ಕೊನೆಗೆ ಕೈಯಲ್ಲಿ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತದೆ. ತೇವ ಇದ್ದರೆ ಇನ್ನೂ ಬೇಗ. 1930ರ ದಶಕದ ಹಾರ್ನ್‌ಬಿ ಚಕ್ರಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಮದ್ದಿಲ್ಲ. ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ ಅಂತ ಕೆಲವರು ಬೇರೆ ಬೀರುವಿನಲ್ಲಿ ಇಡುತ್ತಾರೆ, ಅದೆಲ್ಲ ಸುಳ್ಳು. ಎರಕದ ಹೊತ್ತಲ್ಲಿ ಬಂದ ದೋಷ ಅದು. ಕೂದಲೆಳೆಯಂಥ ಗೆರೆ ಕಂಡರೆ, ಚಕ್ರ ತಿರುಗಿಸಿದಾಗ ಅಲ್ಲಾಡಿದರೆ ಕೆಳಗಿಟ್ಟು ಬನ್ನಿ.

ಎರಡನೆಯದು ಅಯಸ್ಕಾಂತ. ಮೂರನೇ ಹಳಿಯವರು ಹೇಳಿದ ಚೆಂದದ ಇಂಜಿನ್ನಿನ ಕಾಯಿಲೆ ಬಹುಶಃ ಇದೇ. ಅಯಸ್ಕಾಂತದ ಶಕ್ತಿ ಕುಂದಿದರೆ ಮೋಟರು ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಎಳೆಯುವ ಬಲ ಇರುವುದಿಲ್ಲ, ಆದರೆ ಹೊರಟ ಮೇಲೆ ಮಾತ್ರ ಹುಚ್ಚು ವೇಗ. ಜನ ವೇಗ ನೋಡಿ ಭಲೇ ಅನ್ನುತ್ತಾರೆ. ಅದು ಆರೋಗ್ಯದ ಲಕ್ಷಣ ಅಲ್ಲ. ಹಳೇ ಡಬ್ಲೋದ ಆಲ್ನಿಕೋ ಅಯಸ್ಕಾಂತದ ಮಧ್ಯೆ ಇರುವ ಆರ್ಮೇಚರನ್ನು, ಅಂದರೆ ಮೋಟರಿನ ತಿರುಗುವ ಭಾಗವನ್ನು, ಯಾರಾದರೂ ಕ್ಲೀನ್ ಮಾಡುತ್ತೇನೆ ಅಂತ ಸುಮ್ನೆ ಎಳೆದು ಹೊರಗೆ ಇಟ್ಟರೆ ಅಷ್ಟಕ್ಕೇ ಅದರ ಶಕ್ತಿ ಇಳಿಯುತ್ತದೆ. ಮಧ್ಯೆ ಒಂದು ಕಬ್ಬಿಣದ ತುಂಡು ಕೂರಿಸಿಯೇ ತೆಗೆಯಬೇಕು. ಗೊತ್ತಿರುವ ಅಂಗಡಿಯಲ್ಲಿ ಮತ್ತೆ ಶಕ್ತಿ ತುಂಬಿಸಿ ಕೊಡುವ ಯಂತ್ರ ಇರುತ್ತದೆ. ಒಂದು ಕ್ಷಣದ ಕೆಲಸ, ಆಮೇಲೆ ಅದೇ ಇಂಜಿನ್ ಬೇರೆಯೇ ಆಗಿಬಿಡುತ್ತದೆ.

ಅಂದರೆ ನೀವು ಬಿಟ್ಟು ಬಂದ ಆ ಚೆಂದದ್ದೂ ಸರಿ ಹೋಗುವಂಥದ್ದೇ ಇರಬಹುದು. ಹೊಟ್ಟೆ ಉರಿಸಬೇಕು ಅಂತ ಹೇಳುತ್ತಿಲ್ಲ.

ಮೂರನೇ_ಹಳಿ

ಉರಿಸಿದಿರಿ ಬಿಡಿ. ಆದರೆ ಅಂಗಡಿಯವರೂ ಅದನ್ನೇ ಹೇಳಿದರು, 'ಅದಕ್ಕೆ ಮ್ಯಾಗ್ನೆಟ್ ಆಗಬೇಕು, ಮಾಡಿಕೊಡುತ್ತೇನೆ, ಬೆಲೆ ಮಾತ್ರ ಅದೇ' ಅಂತ. ಆ ಬೆಲೆ ಡಬ್ಬಿಯದು, ಇಂಜಿನ್ನಿನದಲ್ಲ.

ತಳ ನೋಡುವ ವಿಷಯಕ್ಕೆ ಬಂದರೆ ಅವರ ಕೈ ನೋಡಬೇಕಿತ್ತು. ಇಂಜಿನ್ನನ್ನು ಸ್ಪಂಜಿನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಎರಡು ಬೆರಳಲ್ಲಿ ಬ್ರಶ್ಶಿನ ಸ್ಪ್ರಿಂಗ್ ಎತ್ತಿ, ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಕಮ್ಯುಟೇಟರ್ (ಮೋಟರಿನಲ್ಲಿ ಬ್ರಶ್ ತಾಗುವ ತಾಮ್ರದ ಭಾಗ) ಒರೆಸಿ ನನಗೆ ತೋರಿಸಿದರು. ಹತ್ತಿ ಕಾಡಿಗೆ ಕಪ್ಪು. ಇನ್ನೊಂದು ಹತ್ತಿ, ಮತ್ತೊಂದು, ಬಿಳಿ ಬರುವ ತನಕ ಬಿಡಲಿಲ್ಲ. ಸೂಜಿಯ ತುದಿಯಲ್ಲಿ ಎಣ್ಣೆ, ಒಂದೊಂದು ಬೇರಿಂಗಿಗೆ ಒಂದೇ ಹನಿ. ಎಣ್ಣೆ ಜಾಸ್ತಿ ಬಿಟ್ಟು ಹಾಳು ಮಾಡಿದ ಇಂಜಿನ್ನುಗಳೇ ತನ್ನ ಹೊಟ್ಟೆಪಾಡು ಅಂತ ನಕ್ಕರು.

ಸ್ಟುಟ್‌ಗಾರ್ಟ್_ಕನ್ನಡಿಗ

ಜರ್ಮನಿ ಕಡೆಯಿಂದ ನಾಲ್ಕು ಮಾತು. ನನ್ನ ಮನೆಯಿಂದ ಗೋಪಿಂಗನ್ ದೂರ ಇಲ್ಲ, ಮಾರ್ಕ್ಲಿನ್ ಕಂಪನಿಯ ಊರು. 1859ರಲ್ಲಿ ತಗಡಿನ ಗೊಂಬೆಮನೆ ಪಾತ್ರೆ ಮಾಡುತ್ತಾ ಶುರುವಾಗಿದ್ದು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅಳತೆಗೆ ಒಂದೊಂದು ನಂಬರ್ ಕೊಟ್ಟ ರೈಲು ಸೆಟ್ಟು, ಹಳಿ ಸಮೇತ ತೋರಿಸಿದರು. ಗೇಜ್ ಒಂದು, ಗೇಜ್ ಎರಡು ಅಂತ ಎಲ್ಲರೂ ಮಾತಾಡುವುದು ಅಲ್ಲಿಂದ ಬಂದಿದ್ದು. ಇವತ್ತು ಒಂದು ಸೆಟ್ಟು ಕೊಳ್ಳಿ, ಮುಂದಿನ ಹುಟ್ಟುಹಬ್ಬಕ್ಕೆ ನಾಲ್ಕು ಹಳಿ ಸೇರಿಸಿ, ಅದರ ಮುಂದಿನ ವರ್ಷ ಒಂದು ಬೋಗಿ. ಅಪ್ಪಂದಿರ ಜೇಬಿಗೆ ಕತ್ತರಿ ಹಾಕುವ ಉಪಾಯ ಇಡೀ ಲೋಕಕ್ಕೆ ಕಲಿಸಿದವರು ಇವರೇ.

ಇಲ್ಲಿನ ಹಳೇ ಅಂಗಡಿಗಳಲ್ಲಿ ಎಲ್ಲರ ಕಣ್ಣು ಮೊಸಳೆಯ ಮೇಲೆ. ಸ್ವಿಟ್ಜರ್ಲೆಂಡಿನ ಘಾಟಿಯಲ್ಲಿ ಗೂಡ್ಸ್ ಎಳೆಯುತ್ತಿದ್ದ ಉದ್ದ ಮೂತಿಯ ಹಸಿರು ವಿದ್ಯುತ್ ಇಂಜಿನ್, ಮುಂದೆ ಹಿಂದೆ ಎರಡೂ ಕಡೆ ಮೂತಿ. ಮಾರ್ಕ್ಲಿನ್ ಅದನ್ನು ಚಿಕ್ಕ ಅಳತೆಯಲ್ಲಿ 1947ರಲ್ಲಿ ತಂದಿತು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಆ ಕಾಲದ ಕೆಲವು ಜರ್ಮನ್ ಆಟಿಕೆಗಳ ಡಬ್ಬಿ ಮೇಲೆ ಅಮೆರಿಕದ ವಲಯದಲ್ಲಿ ತಯಾರಾದದ್ದು ಅಂತ ಮುದ್ರೆ ಇರುತ್ತದೆ. ದೇಶ ಸೋತು ನಾಲ್ಕು ಭಾಗ ಆಗಿದ್ದಾಗ ರಫ್ತಿಗೆ ಅಂತ ಹಾಕಿದ್ದು. ನನಗಂತೂ ಇಂಜಿನ್ನಿಗಿಂತ ಆ ಮುದ್ರೆಯೇ ಇಷ್ಟ.

ಮುಖ್ಯವಾದ ಮಾತು, ಮಾರ್ಕ್ಲಿನ್ ಹಳೇ ಇಂಜಿನ್ ಓಡುವುದು ಎಸಿ ಕರೆಂಟಿನಲ್ಲಿ. 16 ವೋಲ್ಟ್ ತನಕ ಓಡುತ್ತದೆ, 24 ವೋಲ್ಟಿನ ಒಂದು ಹೊಡೆತ ಕೊಟ್ಟರೆ ಒಳಗಿನ ರಿಲೇ ತಿರುಗಿ ಇಂಜಿನ್ ಹಿಂದಕ್ಕೆ ಹೋಗುತ್ತದೆ. ಹಾರ್ನ್‌ಬಿ ಡಬ್ಲೋ ಮೂರು ಹಳಿ ಅಂತ ಮಾರ್ಕ್ಲಿನ್ ಟ್ರಾನ್ಸ್‌ಫಾರ್ಮರಿಗೆ ಹಚ್ಚಬೇಡಿ. ಡಬ್ಲೋ 12 ವೋಲ್ಟ್ ಡಿಸಿ. ಹಚ್ಚಿದರೆ ಓಡುವುದಿಲ್ಲ, ಸುಮ್ನೆ ಗುಂಯ್ ಅಂತ ನಡುಗುತ್ತಾ ನಿಲ್ಲುತ್ತದೆ, ಅಯಸ್ಕಾಂತಕ್ಕೂ ಒಳ್ಳೆಯದಲ್ಲ.

ನ್ಯೂಜೆರ್ಸಿ_ಲೋಕಲ್

ನಮ್ಮ ಕಡೆ ಲಯನೆಲ್. 1900ರಲ್ಲಿ ನ್ಯೂಯಾರ್ಕಿನಲ್ಲಿ ಜೋಶುವಾ ಲಯನೆಲ್ ಕೋವೆನ್ ಶುರು ಮಾಡಿದ್ದು. ಮೊದಲ ರೈಲು ಆಟಿಕೆಯೇ ಅಲ್ಲ, ಅಂಗಡಿಯ ಕಿಟಕಿಯಲ್ಲಿ ಓಡಾಡುತ್ತಾ ಜನರ ಕಣ್ಣು ಸೆಳೆಯಲಿ ಅಂತ ಮಾಡಿದ್ದು. ಬಂದವರು ಅಂಗಡಿಯ ಸಾಮಾನು ಬಿಟ್ಟು ಆ ರೈಲನ್ನೇ ಕೊಡಿ ಅಂದರಂತೆ.

ಇಲ್ಲಿ ಮೂರು ಹಳಿಯ ಓ ಗೇಜ್ ಇವತ್ತಿಗೂ ಜೀವಂತ, ಹೊಸದೂ ಬರುತ್ತದೆ. ಡಬ್ಬಿ ಸಮೇತ ಅವರಿಗೆ ಒಂದು ಕಥೆ. 1957ರಲ್ಲಿ ಲಯನೆಲ್ ಹೆಣ್ಣುಮಕ್ಕಳಿಗೆ ಅಂತ ಗುಲಾಬಿ ಬಣ್ಣದ ಉಗಿ ಇಂಜಿನ್ ತಂದಿತು, ಹಿಂದೆ ತಿಳಿನೀಲಿ ತಿಳಿಹಳದಿ ವ್ಯಾಗನ್. ಯಾರೂ ಕೊಳ್ಳಲಿಲ್ಲ. ರೈಲು ಇಷ್ಟಪಡುವ ಹುಡುಗಿಯರಿಗೂ ಬೇಕಾಗಿದ್ದು ನಿಜವಾದ ರೈಲಿನ ಥರದ ಕಪ್ಪು ಇಂಜಿನ್ನೇ. ಯಾರಿಗೂ ಬೇಡವಾಗಿದ್ದರಿಂದ ಉಳಿದದ್ದು ಕಡಿಮೆ, ಉಳಿದದ್ದು ಕಡಿಮೆ ಆದ್ದರಿಂದ ಈಗ ಎಲ್ಲರಿಗೂ ಬೇಕು. ಕಪ್ಪು ಇಂಜಿನ್ನಿಗೆ ಗುಲಾಬಿ ಬಣ್ಣ ಹೊಡೆದು ಮಾರುವವರೂ ಹುಟ್ಟಿಕೊಂಡರು.

ಕಪ್ಪು_ಹೊಗೆ

ಬಣ್ಣದ ವಿಷಯ ಬಂತಲ್ಲ. ನನಗೆ ಒಂದು ಆನ್‌ಲೈನ್ ಹರಾಜಿನಲ್ಲಿ ಹೀಗೇ ಆಗಿತ್ತು, ತಾಣದ ಹೆಸರು ಬೇಡ. 'ಮೂಲ ಬಣ್ಣ, ಅಜ್ಜನ ಅಟ್ಟದಿಂದ' ಅಂತ ಬರೆದಿದ್ದರು. ಕೈಗೆ ಬಂದಾಗ ನೋಡಿದರೆ ಸ್ಕ್ರೂ ತಲೆಯ ಸೀಳಿನೊಳಗೂ ಬಣ್ಣ ತುಂಬಿದೆ. ಫ್ಯಾಕ್ಟರಿಯಲ್ಲಿ ಬಾಡಿಗೆ ಬಣ್ಣ ಹೊಡೆದ ಮೇಲೆ ಸ್ಕ್ರೂ ಹಾಕುವುದು, ಸ್ಕ್ರೂ ಹಾಕಿ ಬಣ್ಣ ಹೊಡೆಯುವುದಿಲ್ಲ. ಮಾರಿದವರಿಗೆ ಬರೆದರೆ ಅಜ್ಜನಿಗೇ ಬಣ್ಣದ ಹುಚ್ಚು ಇತ್ತೇನೋ ಅಂತ ಉತ್ತರ. ಅಂಗಡಿ ಕೌಂಟರಿನಲ್ಲಿ ಭೂತಗನ್ನಡಿ ಹಿಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಡಬ್ಬಿ_ಸಮೇತ

ಹಾಗಂತ ಬಣ್ಣ ಹೊಡೆದಿದ್ದೆಲ್ಲ ಮೋಸ ಅನ್ನಬೇಡಿ. ಚೆನ್ನಾಗಿ ಹೊಡೆದು, ಹೊಡೆದಿದ್ದೇನೆ ಅಂತ ಹೇಳಿ ಮಾರಿದರೆ ನನಗೆ ಆಕ್ಷೇಪ ಇಲ್ಲ. ಆದರೆ ನಾನು ಕೊಳ್ಳುವುದಿಲ್ಲ. ಗೀರು ಬಿದ್ದರೂ ಫ್ಯಾಕ್ಟರಿ ಬಣ್ಣವೇ ಇರಲಿ.

ಮೂರನೇ_ಹಳಿ

ನೋಡಿ, ಕೊನೆಗೂ ಗೀರು ಬಿದ್ದದ್ದರ ಕಡೆಗೆ ಬಂದಿರಿ.

ಡಬ್ಬಿ_ಸಮೇತ

ಡಬ್ಬಿ ಇದ್ದರೆ.

ಜಯನಗರ_ನಾಲ್ಕನೇ_ಬ್ಲಾಕ್

ಇದೆಲ್ಲ ಓದುತ್ತಾ ಬೆಂಗಳೂರಿನಲ್ಲಿ ಕೂತಿರುವ ನಮ್ಮ ಪಾಡು ಕೇಳಿ. ಮಾಡೆಲ್ ರೈಲು ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆ. ಆಟಿಕೆಯ ಮೂಲ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ 70 ಆಯಿತು. ಅದರ ಮೇಲೆ ತೆರಿಗೆ ಬೇರೆ. ಸಾಲದು ಅಂತ 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಬೇಕು. ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಕಳಪೆ ಪ್ಲಾಸ್ಟಿಕ್ ತಡೆಯಲು ಮಾಡಿದ ನಿಯಮ, ಒಳ್ಳೆಯದೇ. ಅದರ ಬಲೆಗೆ ಐವತ್ತು ದಾಟಿದ ಗಂಡಸರು ಮುಟ್ಟಲೂ ಹೆದರಿ ಬೀರುವಿನಲ್ಲಿ ಇಡುವ ಇಂಜಿನ್ನೂ ಬೀಳಬಹುದು ಅಂತ ನನ್ನ ಭಯ. ಪೋಸ್ಟಿನಲ್ಲಿ ತರಿಸುವ ಆಸೆ ಬಿಟ್ಟಿದ್ದೇನೆ. ಯಾರಾದರೂ ಊರಿಗೆ ಬರುವವರು ಸುಂಕವಿಲ್ಲದೆ ತರಲು ಬಿಡುವ ಮಿತಿಯೊಳಗೆ ಚೀಲದಲ್ಲಿ ತಂದರೆ ಉಂಟು.

ತರುವವರಿಗೂ ಒಂದು ಮಾತು. ಹಳೇ ಟ್ರಾನ್ಸ್‌ಫಾರ್ಮರ್ ಮಾತ್ರ ತರಬೇಡಿ. ಅಮೆರಿಕದ್ದು 120 ವೋಲ್ಟ್, ಜಪಾನಿನದ್ದು 100. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಹೊಗೆ ಬರುವುದು ಇಂಜಿನ್ನಿನಿಂದ ಅಲ್ಲ. ಇಂಗ್ಲೆಂಡಿನದ್ದು ವೋಲ್ಟೇಜ್ ಸರಿ ಹೋದರೂ 1950ರ ದಶಕದ ರಬ್ಬರ್ ವೈರು ಒಣಗಿ ಪುಡಿಪುಡಿ ಆಗಿರುತ್ತದೆ, ಮುಟ್ಟಿದರೆ ತಾಮ್ರ ಕಾಣಿಸುತ್ತದೆ. ಅದನ್ನು ಶೋಕೇಸಿನಲ್ಲಿ ಇಡಿ, ಓಡಿಸಲು ಹೊಸ ಡಿಸಿ ಕಂಟ್ರೋಲರ್ ಸಾಕು.

ಸಕಲೇಶಪುರ_ಘಾಟ್

ನನ್ನದು ಬೇರೆ ದುಃಖ. ಹಾರ್ನ್‌ಬಿ, ಮಾರ್ಕ್ಲಿನ್, ಲಯನೆಲ್ ಎಲ್ಲ ಸರಿ, ನಾನು ಚಿಕ್ಕವನಿದ್ದಾಗ ನೋಡಿದ ರೈಲು ಇವರು ಯಾರೂ ಮಾಡಲಿಲ್ಲ. ಮೀಟರ್ ಗೇಜಿನ ವೈಪಿ ಉಗಿ ಇಂಜಿನ್, ಆಮೇಲೆ ಬಂದ ವೈಡಿಎಂ-4 ಡೀಸೆಲ್. ಘಾಟಿನಲ್ಲಿ ಸುರಂಗದಿಂದ ಸುರಂಗಕ್ಕೆ ಹೋಗುತ್ತಿದ್ದ ಆ ಹಳೇ ಹಳಿ 1996ರಲ್ಲಿ ನಿಂತಿತು, ಬ್ರಾಡ್ ಗೇಜ್ ಆಗಿ ಗೂಡ್ಸ್ ಓಡಲು ಹತ್ತು ವರ್ಷ ಹಿಡಿಯಿತು. ನನಗೆ ಬೇಕಾಗಿರುವುದು ಆ ಮುಂಚಿನದ್ದು.

ಸ್ವಂತವಾಗಿ ಕಟ್ಟೋಣ ಅಂದರೆ ಅಳತೆಯ ಕಾಟ. 16.5 ಮಿ.ಮೀ. ಹಳಿ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಯಾದ ಎಚ್‌ಓಗೆ ಸರಿ, ಅದು ಯುರೋಪಿನ 1435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676. 87ರಿಂದ ಭಾಗಿಸಿ, 19.3 ಮಿ.ಮೀ. ಬರುತ್ತದೆ, ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ನಮ್ಮ ದೇಶದ ಇಂಜಿನ್ ಮಾಡುವವರೆಲ್ಲ 16.5ರ ಮೇಲೇ ಇಟ್ಟು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಗಲದ ಗಾಡಿಗೆ ಚಿಕ್ಕ ಕಾಲು.

ಮೀಟರ್ ಗೇಜಿನವರಿಗೆ ಮಾತ್ರ ಅದೃಷ್ಟ ಇದೆ. 1000 ಮಿ.ಮೀ. ಭಾಗಿಸು 87 ಅಂದರೆ 11.5, ಹತ್ತಿರತ್ತಿರ 12. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳಿಗಾಗಿ ಬೆಮೋ ಅನ್ನುವ ಜರ್ಮನ್ ಕಂಪನಿ 12 ಮಿ.ಮೀ. ಹಳಿ, ಚಕ್ರ, ಮೋಟರು ಎಲ್ಲ ಮಾಡುತ್ತದೆ. ಹಳೇ ಅಂಗಡಿಗೆ ಹೋಗುವವರು ಟ್ರೇಯಲ್ಲಿ ಬಾಡಿ ಒಡೆದ ಬೆಮೋ ಇಂಜಿನ್ ಸಿಕ್ಕಿದರೆ ನನ್ನ ನೆನಪು ಮಾಡಿಕೊಳ್ಳಿ. ಚಾಸಿಸ್ ಅಲ್ಲಿಂದ, ಬಾಡಿ ನಾನೇ ಹಿತ್ತಾಳೆ ಹಾಳೆ ಕತ್ತರಿಸಿ ಮಾಡಿಕೊಳ್ಳುತ್ತೇನೆ.

ಬೀರೂರ್_ಜಂಕ್ಷನ್

ಅಣ್ಣಾ, ನೀವು ಹೇಳಿದ ವೈಪಿ ಹಿಂದೆ ಕೂತು ಕಣ್ಣಿಗೆ ಇದ್ದಿಲ ಕಣ ಬೀಳಿಸಿಕೊಂಡವನು ನಾನು. ಬಾಡಿ ಮುಗಿದರೆ ಫೋಟೋ ಹಾಕಿ.

ಈಗ ನೇರವಾಗಿ ಕೇಳುತ್ತೇನೆ. ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಬರುತ್ತಿದ್ದೇನೆ. ಇಂಥ ಅಂಗಡಿಗೆ ಹೋದರೆ ಏನು ಕೊಳ್ಳಲಿ? ಜೇಬು ದೊಡ್ಡದಲ್ಲ. ಬೀರುವಿನಲ್ಲಿ ಇಡುವವನೂ ಅಲ್ಲ, ಮೊಮ್ಮಗಳ ಜೊತೆ ಓಡಿಸಬೇಕು.

ಕಪ್ಪು_ಹೊಗೆ

ಮೊಮ್ಮಗಳು ಎಷ್ಟು ವರ್ಷ? ಬಾಯಿಗೆ ಹಾಕಿಕೊಳ್ಳುವ ವಯಸ್ಸಾದರೆ ಹಳೇದು ಬೇಡವೇ ಬೇಡ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ.

ಬೀರೂರ್_ಜಂಕ್ಷನ್

ಎಂಟು. ನನಗಿಂತ ಜಾಣೆ.

ಮೂರನೇ_ಹಳಿ

ಹಾಗಾದರೆ ಡಬ್ಲೋ ಮೂರು ಹಳಿಯ ಪುಟ್ಟ ಟ್ಯಾಂಕ್ ಇಂಜಿನ್ (ನೀರಿನ ತೊಟ್ಟಿ ತನ್ನ ಮೈಮೇಲೇ ಇರುವ ಉಗಿ ಇಂಜಿನ್) ಕೇಳಿ. ಹೆಸರಿರುವ ದೊಡ್ಡ ಇಂಜಿನ್ನುಗಳ ಹಾಗೆ ಅದಕ್ಕೆ ಕಿತ್ತಾಟ ಇಲ್ಲ. ಲಕ್ಷಗಟ್ಟಲೆ ಮನೆಗಳಲ್ಲಿ ಓಡಿದ್ದು, ಬಿಡಿಭಾಗ ಎಲ್ಲೂ ಸಿಗುತ್ತದೆ. ಡಬ್ಬಿ ಇಲ್ಲದ್ದು, ಬಣ್ಣ ಉದುರಿದ್ದು, ಆದರೆ ಎರಡೂ ದಿಕ್ಕಿಗೂ ನಿಧಾನಕ್ಕೆ ಓಡುವಂಥದ್ದು. ಎರಡೂ ದಿಕ್ಕಿಗೆ ಓಡಿಸಲು ಹೇಳಿ, ಕೆಲವು ಮುಂದಕ್ಕೆ ಮಾತ್ರ ಚೆನ್ನಾಗಿ ಹೋಗುತ್ತವೆ. ಟ್ರೇಯಿಂದ ತಗಡಿನ ವ್ಯಾಗನ್ ನಾಲ್ಕು ಆರಿಸಿಕೊಳ್ಳಿ. ಹಳಿ ಮಾತ್ರ ಒಂದೊಂದನ್ನೂ ನೋಡಿ ತಗೊಳ್ಳಿ. ತಗಡಿನ ತಳದ ಹಳಿ ಒಳಗೆ ತುಕ್ಕು ಹಿಡಿದಿದ್ದರೆ ನಡುಹಳಿಗೆ ಕರೆಂಟು ಸರಿಯಾಗಿ ಹೋಗುವುದಿಲ್ಲ, ಆಮೇಲೆ ಇಂಜಿನ್ನನ್ನು ಬೈಯುತ್ತೀರಿ. ಎಲ್ಲ ಸೇರಿ ನೂರು ಪೌಂಡಿನ ಸುತ್ತಮುತ್ತ ಮುಗಿಸಬಹುದು ಅಂತ ನನ್ನ ಅಂದಾಜು.

ಚೌಕಾಸಿ ಮಾಡಿ, ಆದರೆ ನಮ್ಮ ಗಾಂಧಿಬಜಾರಿನ ಥರ ಅರ್ಧಕ್ಕೆ ಇಳಿಸಬೇಡಿ. ಅಲ್ಲಿ ಕೇಳುವ ರೀತಿ ಬೇರೆ: ಎರಡು ಮೂರು ಸಾಮಾನು ಒಟ್ಟಿಗೆ ಇಟ್ಟು 'ಇದಕ್ಕೆಲ್ಲ ಸೇರಿ ಎಷ್ಟಕ್ಕೆ ಕೊಡುತ್ತೀರಿ' ಅನ್ನಿ. ಅವರೇ ಇಳಿಸುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ, ಇಂಥ ಅಂಗಡಿಗಳು ವಾರವೆಲ್ಲ ತೆರೆದಿರುವುದಿಲ್ಲ.

ಡಬ್ಬಿ_ಸಮೇತ

ಟ್ರೇ ಕೆದಕುವಾಗ ತಳದಲ್ಲಿ ನೀಲಿ ಪಟ್ಟೆಯ ಖಾಲಿ ಡಬ್ಬಿ ಸಿಕ್ಕಿದರೆ ಎಷ್ಟೇ ಹರಿದಿರಲಿ ನನಗೆ ತಗೊಳ್ಳಿ ಬೀರೂರಣ್ಣ, ದುಡ್ಡು ಕಳಿಸುತ್ತೇನೆ. ಡಚೆಸ್ ಅಳತೆಯದಾದರೆ ಎರಡು.